ಸೂರ್ಯನ ನಡುವಿನ ಕಲೆ

ಬೀಳಗಿ
೯ ಮಾರ್ಚ್ ೨೦೨೫

ಪೂಜ್ಯ ಶಂಕರೆಪ್ಪ ಗುರುಗಳಿಗೆ ನಿಮ್ಮ ಹೀರಾಳ ನಮಸ್ಕಾರ.

ದುರ್ಬೀನಿನ ಹಳೆಯ ಫಿಲ್ಟರಿಗೆ ಗೀರು ಬಿದ್ದಿದೆ, ಎರಡು ವಾರದಿಂದ ಸೂರ್ಯನ ಮುಖ ನೋಡಿಲ್ಲ ಎಂದು ಬರೆದಿದ್ದಿರಿ. ಅದನ್ನು ಓದಿ ಮನಸ್ಸು ತಡೆಯಲಿಲ್ಲ. ಸೂರ್ಯನನ್ನು ನೋಡುವ ಫಿಲ್ಮಿನ ಹೊಸ ಹಾಳೆಯನ್ನೇ ತರಿಸಿದೆ. ಒಂದೇ ಹಾಳೆಯಿಂದ ನನಗೊಂದು, ನಿಮಗೊಂದು ಫಿಲ್ಟರು ಮಾಡಿ ರಟ್ಟಿನ ಉಂಗುರಕ್ಕೆ ಅಂಟಿಸಿದ್ದೇನೆ. ಉಳಿದ ತುಂಡನ್ನೂ ಪಾಕೀಟಿನಲ್ಲಿ ಇಟ್ಟಿದ್ದೇನೆ, ಬೇಕಾದೀತು. ಉಂಗುರವನ್ನು ದುರ್ಬೀನಿನ ಮುಂದಿನ ಬಾಯಿಗೆ ಹಾಕಬೇಕು. ಲಕ್ಷ ಪಾಲು ಬೆಳಕಿನಲ್ಲಿ ಒಂದೇ ಪಾಲು ಒಳಗೆ ಹೋಗುತ್ತದೆ. ಇದನ್ನೆಲ್ಲ ನನಗೆ ತೇರದಾಳದ ಶಾಲೆಯಲ್ಲಿ ಕಲಿಸಿದವರೇ ನೀವು, ಈಗ ನಾನು ನಿಮಗೆ ಹೇಳುತ್ತಿದ್ದೇನೆ ನೋಡಿ.

ಫಿಲ್ಮು ಅಲ್ಲಲ್ಲಿ ಸುಕ್ಕಾಗಿದೆ, ಸಡಿಲವೂ ಆಗಿದೆ. ನನ್ನ ಕೈಕೆಲಸ ಹೇಗೆಂದು ನಿಮಗೆ ಗೊತ್ತೇ ಇದೆ, ಕ್ಷಮಿಸಿ. ನೇಕಾರರ ಮನೆಗೆ ಇಂಥ ಸಡಿಲ ಕೆಲಸ ಕಳಿಸಲು ನಾಚಿಕೆಯಾಗುತ್ತದೆ. ಹಾಲವ್ವನವರಿಗೆ ತೋರಿಸಬೇಡಿ, ನಕ್ಕಾರು.

ವಾರವೆಲ್ಲ ಬಾಡಗಂಡಿ ಕಡೆಯ ಸಕ್ಕರೆ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಕಬ್ಬಿನ ಹಾಲಿನ ಸಿಹಿ ಅಳೆಯುತ್ತೇನೆ. ಭಾನುವಾರ ಬೆಳಿಗ್ಗೆ ಮಾತ್ರ ನನ್ನದು. ದುರ್ಬೀನು, ಕ್ಯಾಮೆರಾ, ಲ್ಯಾಪ್‌ಟಾಪು ಹೊತ್ತು ಗಲಗಲಿಗೆ ಹೋಗಿ ಕೃಷ್ಣೆಯ ದಂಡೆಯಲ್ಲಿ ಕೂರುತ್ತೇನೆ. ನೀರಿನ ಮೇಲಿನ ಗಾಳಿ ಕುದಿಯುವುದಿಲ್ಲ, ಸೂರ್ಯ ನಡುಗದೆ ನಿಲ್ಲುತ್ತಾನೆ. ಕ್ಯಾಮೆರಾ ಎರಡು ನಿಮಿಷದಲ್ಲಿ ನಾಲ್ಕು ಸಾವಿರ ಚಿತ್ರ ತೆಗೆಯುತ್ತದೆ. ಅದರಲ್ಲಿ ಒಳ್ಳೆಯ ಮುನ್ನೂರನ್ನು ಆಯ್ದು ಒಂದರ ಮೇಲೊಂದು ಕೂಡಿಸಿದರೆ ಒಂದು ಚಿತ್ರ ಆಗುತ್ತದೆ. ಅದರ ಮುದ್ರಣ ಇದರೊಂದಿಗಿದೆ. ಫೋನಿಗೆ ಕಳಿಸಿದರೆ ನೀವು ಅದನ್ನು ಚಿತ್ರವೆಂದೇ ಒಪ್ಪುವುದಿಲ್ಲವಲ್ಲ.

ನೀವು ಕಣ್ಣಿನಿಂದ ನೋಡಿ ಪೆನ್ಸಿಲಿನಲ್ಲಿ ಬರೆದದ್ದನ್ನು ಕಳಿಸಿರಿ. ಯಾರ ಸೂರ್ಯ ಖರೆ, ನೋಡಿಯೇ ಬಿಡೋಣ.

ನಿಮ್ಮ ವಿದ್ಯಾರ್ಥಿನಿ,
ಹೀರಾ


ರಬಕವಿ
೨೧ ಮಾರ್ಚ್ ೨೦೨೫

ಹೀರಾಳಿಗೆ ಆಶೀರ್ವಾದ.

ನಿನ್ನ ಫಿಲ್ಟರು ಮುಟ್ಟಿತು. ಸುಕ್ಕಿನ ಚಿಂತೆ ಬಿಡು, ಅದಕ್ಕೆ ಮನೆಯಲ್ಲೇ ಮದ್ದು ಸಿಕ್ಕಿತು. ಏನು ಸೂರ್ಯ ಮಾರಾಯ್ತಿ! ಹಳೆಯ ಫಿಲ್ಟರಿನಲ್ಲಿ ಹಳಸಿದ ಹೋಳಿಗೆಯ ಹಾಗೆ ಕಾಣುತ್ತಿದ್ದ. ಈಗ ಹೊಸ ಬೆಳ್ಳಿ ಜರಿಯಂತೆ ಝಗಝಗ ಅನ್ನುತ್ತಾನೆ. ಮೂವತ್ತು ವರ್ಷದಲ್ಲಿ ಇಂಥ ಬೆಳಕು ಕಂಡಿರಲಿಲ್ಲ.

ಬೆಳಿಗ್ಗೆ ಎಂಟಕ್ಕೆ ಮಾಳಿಗೆ ಏರಿದರೆ ಹತ್ತರವರೆಗೆ ಇಳಿಯುವುದಿಲ್ಲ. ಕಣ್ಣು ಇಟ್ಟು ನೋಡುವುದು, ಒಂದು ಗೆರೆ ಎಳೆಯುವುದು, ಮತ್ತೆ ನೋಡುವುದು. ಹಾಲವ್ವ ಕೆಳಗೆ ಮಗ್ಗದಿಂದಲೇ ಕೂಗುತ್ತಾಳೆ: "ಏನರೀ, ಸೂರ್ಯಾಗ ಹೆಣ್ಣ ನೋಡಾಕ ಹ್ವಾದಂಗ ಕುಂತೀರಲ್ಲ, ನಾಷ್ಟಾ ಆರಾಕತ್ತೈತಿ!"

ಮೂರು ದಿನದ ಚಿತ್ರ ಕಳಿಸಿದ್ದೇನೆ. ನಿನ್ನ ಕ್ಯಾಮೆರಾಕ್ಕೆ ನಾಲ್ಕು ಸಾವಿರ ಸಲ ನೋಡಬೇಕು, ನನ್ನ ಕಣ್ಣಿಗೆ ಒಂದೇ ಸಲ ಸಾಕು. ನಡುಮಧ್ಯದಲ್ಲಿ ಒಂದು ಹೊಸ ಕಲೆ ಹುಟ್ಟಿದೆ. ನೀನು ಅದನ್ನು ಹಿಡಿದಿದ್ದೀಯೋ ಇಲ್ಲವೋ ತಿಳಿಸು.

ಶಂಕರೆಪ್ಪ


ಬೀಳಗಿ
೨೭ ಮಾರ್ಚ್ ೨೦೨೫

ಗುರುಗಳೇ, ನಮಸ್ಕಾರ.

ಹೊಸ ಫಿಲ್ಮು ಸೂರ್ಯನನ್ನು ಬಿಳಿಯಾಗಿಯೇ ತೋರಿಸುತ್ತದೆ, ಹಳೆಯದು ಹಳದಿ ತೋರಿಸುತ್ತಿತ್ತು. ಅದೇ ಕಾರಣ ಇರಬೇಕು. ನಿಮ್ಮ ಸಂತೋಷ ಓದಿ ನನಗೂ ಹಿಗ್ಗಾಯಿತು.

ಆದರೆ ನಿಮ್ಮ ನಡುವಿನ ಕಲೆ ನನ್ನ ಚಿತ್ರದಲ್ಲಿ ಇಲ್ಲ. ನಿಮಗಾಗಿ ಬುಧವಾರ ಅರ್ಧ ದಿನ ರಜೆ ಹಾಕಿ ಗಲಗಲಿಗೆ ಹೋಗಿದ್ದೆ. ಮುನ್ನೂರಲ್ಲ, ಎಂಟುನೂರು ಚಿತ್ರ ಕೂಡಿಸಿ ನೋಡಿದೆ. ನಡುವೆ ಖಾಲಿ. ಅಂಚಿನಲ್ಲಿ ನಾಲ್ಕು ಸಣ್ಣ ಕಲೆ ಇವೆ, ಅವು ನಿಮ್ಮ ಚಿತ್ರದಲ್ಲಿ ಇಲ್ಲ. ಇದೇನು ಗುರುಗಳೇ, ನಾವಿಬ್ಬರೂ ಬೇರೆ ಬೇರೆ ಸೂರ್ಯ ನೋಡುತ್ತಿದ್ದೇವೆಯೇ?

ಸಿಟ್ಟಾಗಬೇಡಿ. ಕಣ್ಣಿಡುವ ಕಡೆಯ ಮಸೂರದ ಮೇಲೆ ಧೂಳಿನ ಕಣ ಕೂತಿರಬಹುದು. ನಿಮ್ಮ ಮಾಳಿಗೆಯ ಕೆಳಗೆ ಮಗ್ಗ, ನೂಲಿನ ಧೂಳಿಗೆ ಏನು ಕೊರತೆ? ಒರೆಸಿ ನೋಡಿ. ಮಸೂರವನ್ನು ಬೆರಳಿನಿಂದ ತಿರುಗಿಸಿದಾಗ ಕಲೆಯೂ ತಿರುಗಿದರೆ ಅದು ಧೂಳೇ.

ಹೀರಾ


ರಬಕವಿ
೪ ಏಪ್ರಿಲ್ ೨೦೨೫

ಹೀರಾ,

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿನ್ನ ಕ್ಯಾಮೆರಾಕ್ಕೆ ಕಾಣದ್ದು ನನ್ನ ಮಸೂರದ ಧೂಳಾಯಿತೇ? ಒರೆಸಿದೆ. ತಿರುಗಿಸಿದೆ. ಕಲೆ ತಿರುಗಲಿಲ್ಲ. ಬೇರೆ ಮಸೂರ ಹಾಕಿದೆ, ಆಗಲೂ ಅಲ್ಲೇ ಇದೆ. ನೀನು ಹೇಳುವ ಅಂಚಿನ ಕಲೆಗಳ ಕಡೆ ಕಣ್ಣು ಹೊರಳಿಸಿದರೆ ಅಲ್ಲಿ ಏನೂ ಇಲ್ಲ, ಮಸುಕು ಅಷ್ಟೆ. ಎಂಟು ದಿನ ಬಿಡದೆ ಬರೆದ ಎಂಟು ಚಿತ್ರ ಇಟ್ಟಿದ್ದೇನೆ. ಕಣ್ಣಿದ್ದರೆ ನೋಡು.

ಸಾಕ್ಷಿ ಬೇಕೇನು? ಮೊನ್ನೆ ಹಾಲವ್ವನನ್ನೇ ಮಾಳಿಗೆಗೆ ಕರೆದೆ. ಕಣ್ಣು ಇಟ್ಟಳು. "ನಡಕ ಕರೇದು ಕಾಣತೈತೇನ?" ಎಂದೆ. "ಹೌದರೀ, ಕಾಣತೈತಿ" ಎಂದಳು. ಸೀರೆಯ ಅಂಚಿನಲ್ಲಿ ಒಂದು ಎಳೆ ತಪ್ಪಿದರೆ ಹತ್ತು ಮಾರು ದೂರದಿಂದ ಹಿಡಿಯುವ ಕಣ್ಣು ಅದು. ನಿನ್ನ ಎಂಟುನೂರು ಚಿತ್ರಕ್ಕಿಂತ ಆ ಒಂದು ಮಾತು ನನಗೆ ಹೆಚ್ಚು.

ಅಂದಹಾಗೆ ನನ್ನ ಚಾಳೀಸು ಕನ್ನಡಕದ ನಂಬರು ಬದಲಾದಂತಿದೆ. ಪೇಪರು ಓದುವಾಗ ಪ್ರತಿ ಶಬ್ದದ ನಡುವಿನ ಅಕ್ಷರ ಯಾರೋ ನುಂಗಿದಂತಾಗುತ್ತದೆ. ನಿನ್ನೆ ಹಾಲವ್ವ ನೇಯ್ದ ಅಂಚು ನೋಡಿ "ಗೆರಿ ಡೊಂಕಾಗೇದಲ್ಲ" ಎಂದೆ. ಹರಿಹಾಯ್ದಳು. "ನಲವತ್ತ ವರ್ಷಾತು ನನ್ನ ಗೆರಿ ಡೊಂಕಾಗಿಲ್ಲ. ನಿಮ್ಮ ಕಣ್ಣಿಗೆ ಮೋತಿಬಿಂದಿನ ಪೊರಿ ಬಂದೈತಿ, ತೋರಿಸ್ಕೋರಿ!" ಇರಬಹುದು, ವಯಸ್ಸು ಅರವತ್ತೆಂಟಾಯಿತು. ಬಲಗಣ್ಣಿಗೆ ಮಾತ್ರ ಹೀಗೆ. ದುರ್ಬೀನಿಗೆ ಇಡುವುದೂ ಅದೇ ಕಣ್ಣು, ದಣಿದಿದೆ ಪಾಪ.

ಎಡಗಣ್ಣು ಇನ್ನೂ ಹರೆಯದ್ದು. ಹಬ್ಬ ಮುಗಿಯಲಿ, ಮನೆಗೆ ಬಂದ ಪಾಹುಣೇರು ಹೋಗಲಿ. ಎಂಟನೇ ತಾರೀಖಿನಿಂದ ಎಡಗಣ್ಣಿನಿಂದ ನೋಡಿ ಬರೆಯುತ್ತೇನೆ. ಆಗಲಾದರೂ ನಂಬುತ್ತೀಯಾ?

ಶಂಕರೆಪ್ಪ


ಬೀಳಗಿ
೭ ಏಪ್ರಿಲ್ ೨೦೨೫, ಸಂಜೆ

ಗುರುಗಳೇ,

ದುರ್ಬೀನಿಗೆ ಕಣ್ಣು ಇಡಬೇಡಿ. ಎಡಗಣ್ಣನ್ನಂತೂ ಬೇಡವೇ ಬೇಡ. ಮುಂದಿನದನ್ನು ಆಮೇಲೆ ಓದಿರಿ, ಮೊದಲು ಕೆಳಗೆ ಇಳಿದು ಬನ್ನಿ.

ನಿಮ್ಮ ಕಾಗದ ಈಗ ಕೈಸೇರಿತು. ಎಂಟು ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು ಕಿಟಕಿಯ ಗಾಜಿಗೆ ಹಿಡಿದೆ. ನೀವು ಮಸುಕಾಗಿ ಎಳೆದ ಉಳಿದ ಗೆರೆಗಳೆಲ್ಲ ದಿನದಿನಕ್ಕೆ ಜರುಗಿವೆ. ನಡುವಿನ ಕಲೆ ಮಾತ್ರ ಎಂಟೂ ಹಾಳೆಯಲ್ಲಿ ಒಂದೇ ಕಡೆ, ಮೊಳೆ ಹೊಡೆದಂತೆ.

ಸೂರ್ಯ ತಿರುಗುತ್ತಾನೆ. ಅವನ ಮೇಲಿನ ಯಾವ ಕಲೆಯೂ ನಿಲ್ಲುವುದಿಲ್ಲ, ಹದಿಮೂರು ದಿನದಲ್ಲಿ ಈ ಅಂಚಿನಿಂದ ಆ ಅಂಚಿಗೆ ಹೋಗಿಬಿಡುತ್ತದೆ. ಎಂಟು ದಿನ ಅಲುಗದೆ ನಿಂತ ಕಲೆ ಸೂರ್ಯನಲ್ಲಿಲ್ಲ. ಮಸೂರ ಬದಲಿಸಿದರೂ ಹೋಗಲಿಲ್ಲ ಅಂದಿರಿ, ಹಾಗಾದರೆ ಮಸೂರದಲ್ಲೂ ಇಲ್ಲ. ಪೇಪರಿನ ನಡುವಿನ ಅಕ್ಷರ, ಡೊಂಕಾದ ಅಂಚು, ಎಲ್ಲ ಒಂದೇ. ಕಲೆ ನಿಮ್ಮ ಕಣ್ಣಿನಲ್ಲಿದೆ ಗುರುಗಳೇ. ಸೂರ್ಯ ಸುಟ್ಟಿದ್ದಾನೆ.

ಇನ್ನೊಂದು ಮಾತು. ಹಾಲವ್ವನವರಿಗೂ ಕಲೆ ಕಾಣುತ್ತದೆ ಎಂದು ಬರೆದಿದ್ದೀರಿ. ಅವರ ಕಣ್ಣಿಗೂ?

ಆರು ಸಲ ಫೋನು ಮಾಡಿದೆ, ಸ್ವಿಚ್ ಆಫ್ ಅನ್ನುತ್ತದೆ. ಕಾರ್ಖಾನೆಯಲ್ಲಿ ಈ ಸಾಲಿನ ಕಬ್ಬು ಅರೆಯುವ ಕೆಲಸ ಮುಗಿಯುವ ಹೊತ್ತು, ರಾತ್ರಿಪಾಳಿ ಬಿಟ್ಟು ಬರಲು ಆಗದು. ಈ ಕಾಗದವನ್ನು ನಾಳೆ ಮೊದಲ ಬಸ್ಸಿನ ಕಂಡಕ್ಟರರ ಕೈಯಲ್ಲಿ ಕಳಿಸುತ್ತೇನೆ, ಪಾಳಿ ಮುಗಿಸಿ ಹಿಂದೆಯೇ ನಾನೂ ಬರುತ್ತೇನೆ. ಫಿಲ್ಟರನ್ನು ಯಾರೂ ಮುಟ್ಟಬೇಡಿ.

ಹೀರಾ


ರಬಕವಿ
೨೧ ಏಪ್ರಿಲ್ ೨೦೨೫

ಮಗಳೇ ಹೀರಾ,

ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ, ಸಾಲು ಓರೆಯಾದರೆ ತಿದ್ದಿ ಓದಿಕೋ. ಮಾಸ್ತರನ ಅಕ್ಷರ ಹೀಗಾದದ್ದು ನನಗೇ ನೋಡಲು ಆಗುತ್ತಿಲ್ಲ.

ನಿನ್ನ ಕಾಗದ ಬಂದಾಗ ನಾನು ನಿಚ್ಚಣಿಕೆಯ ಮೂರನೆಯ ಮೆಟ್ಟಿಲ ಮೇಲಿದ್ದೆ. ಪಾಹುಣೇರು ಹೋಗುವುದು ತಡವಾಗಿತ್ತು, ಇಲ್ಲದಿದ್ದರೆ ಎಂಟಕ್ಕೇ ಏರುತ್ತಿದ್ದೆ. ಆ ಕಂಡಕ್ಟರರು ಹತ್ತು ನಿಮಿಷ ತಡಮಾಡಿದ್ದರೆ?

ನೀನು ಜಮಖಂಡಿಯ ವೈದ್ಯರಲ್ಲಿ ಬಿಟ್ಟು ಹೋದ ಮೇಲೆ ಇನ್ನೂ ಎರಡು ಸಲ ಹೋಗಿ ಬಂದೆವು. ಬಲಗಣ್ಣಿನ ಒಳಪರದೆ ನಡುಮಧ್ಯದಲ್ಲಿ ಸುಟ್ಟಿದೆ. ಔಷಧವಿಲ್ಲ. ಆರು ತಿಂಗಳಲ್ಲಿ ತಾನಾಗಿ ಸ್ವಲ್ಪ ತಿಳಿಯಾದರೆ ಆಯಿತು, ಆಗದಿದ್ದರೆ ಇಷ್ಟೇ. "ನೋವ ಆಗಲಿಲ್ಲಲ್ರೀ ಡಾಕ್ಟರ್" ಎಂದೆ. "ಅಲ್ಲಿ ನೋವು ಗೊತ್ತಾಗೂದಿಲ್ರೀ ಮಾಸ್ತರ" ಎಂದರು. ಎಡಗಣ್ಣು ಪೂರಾ ಚೊಕ್ಕ. ಹಾಲವ್ವನ ಎರಡೂ ಕಣ್ಣು ಚೊಕ್ಕ. ಹಾಗಾದರೆ ಅವಳಿಗೆ ಕಂಡದ್ದೇನು ಎಂದು ಕೇಳಿದರೆ ಡಾಕ್ಟರು ನಕ್ಕರು. ಏನೋ ಧೂಳಿರಬೇಕು ಬಿಡು.

ಈಗ ಮುಖ್ಯವಾದ ಮಾತು. ಅಂದು ನೀನು ನಮ್ಮ ಮನೆಗೆ ಬಂದವಳೇ ಫಿಲ್ಟರನ್ನು ಬಲ್ಬಿಗೆ ಹಿಡಿದೆ. ಹಾಲವ್ವ ಮಜ್ಜಿಗೆ ತರಲು ಒಳಗೆ ಹೋಗಿದ್ದಳು. ಉಂಗುರದ ಸುತ್ತಲೂ ಬೆಳಕಿನ ಚುಕ್ಕೆ, ಒಂದರ ಪಕ್ಕ ಒಂದು, ಎಲ್ಲ ಸೂಜಿಯ ತೂತು. ನಿನ್ನ ಮುಖ ಬೂದಿಯಾಯಿತು. ಅವಳು ಬರುವ ಮೊದಲೇ ನೀನು ಉಂಗುರವನ್ನು ನಿನ್ನ ಚೀಲಕ್ಕೆ ಹಾಕಿಕೊಂಡೆ.

ನಿನಗೆ ಅರ್ಥವಾಗಿರಬೇಕು. ಪಾಕೀಟು ಬಂದ ದಿನವೇ ಅವಳು ನೋಡಿದ್ದಳು. "ಹುಡಗಿ ಇಷ್ಟ ಸಡ್ಲ ಬಿಟ್ಟಾಳಲ್ಲರೀ. ಮಗ್ಗದಾಗ ಹಾಸಿನ ಎಳಿ ಸಡ್ಲ ಇದ್ರ ಸೀರಿ ಆಗತೈತೇನು?" ಎಂದು ನಾನು ಮಲಗಿ ಏಳುವಷ್ಟರಲ್ಲಿ ರೇಷ್ಮೆ ಎಳೆಯಿಂದ ಸುತ್ತ ಹೊಲಿದು, ಎಳೆದು, ಡೊಳ್ಳಿನ ಚರ್ಮದಂತೆ ಬಿಗಿ ಮಾಡಿ ಕೈಗಿಟ್ಟಳು. ನಾನು ಶಭಾಶ್ ಎಂದೆ. ವಿಜ್ಞಾನದ ಮಾಸ್ತರ ನಾನು, ಒಮ್ಮೆ ಬೆಳಕಿಗೆ ಹಿಡಿದು ನೋಡಬೇಡವೇ? ಝಗಝಗ ಅಂದಾಗಲಾದರೂ ಅನುಮಾನ ಬರಬೇಡವೇ? ತಪ್ಪು ನನ್ನದು.

ಡಾಕ್ಟರಿಗೂ ಅವಳಿಗೂ ಒಂದೇ ಕಥೆ ಹೇಳಿದ್ದೇನೆ. ಗಾಳಿಗೆ ಫಿಲ್ಟರು ಜಾರಿ ಬಿದ್ದಿತ್ತು, ಗೊತ್ತಾಗದೆ ಕಣ್ಣಿಟ್ಟೆ ಎಂದು. ನೀನೂ ಅದನ್ನೇ ಹೇಳು. ಅವಳ ಕೈ ನನ್ನ ಕಣ್ಣು ಸುಟ್ಟಿತು ಎಂದು ತಿಳಿದರೆ ಆಕೆ ಮತ್ತೆ ಮಗ್ಗದ ಮುಂದೆ ಕೂರಲಾರಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆಣೆ ಮಾಡು.

ಶಂಕರೆಪ್ಪ


ಬೀಳಗಿ
೨೬ ಏಪ್ರಿಲ್ ೨೦೨೫

ಗುರುಗಳೇ,

ಹೇಳುವುದಿಲ್ಲ. ಆಣೆ.

ಕಣ್ಣು ಜೋಪಾನ.

ಹೀರಾ


ರಬಕವಿ
೩೦ ಆಗಸ್ಟ್ ೨೦೨೫

ಹೀರಾ ತಂಗಿಗೆ ಹಾಲವ್ವ ಮಾಡುವ ಆಶೀರ್ವಾದ.

ನಾ ನಾಕನೇ ಇಯತ್ತೆ ತನಕ ಸಾಲಿ ಕಲತಾಕಿ. ಮಾತಾಡಿದಂಗ ಬರೀತೇನಿ, ನಗಬ್ಯಾಡ. ಅವರು ಸಂತಿಗೆ ಹೋಗ್ಯಾರ, ಬರೂದ್ರಾಗ ಮುಗಸಬೇಕು. ಇದನ್ನ ಅವರಿಗೆ ಹೇಳಬ್ಯಾಡ, ನನ್ನ ಮ್ಯಾಲ ಆಣಿ ಐತಿ.

ನೀ ಯಾಕ ಕಾಗದ ಬರಿಯೂದು ಬಿಟ್ಟಿ? ನಾಕ ತಿಂಗಳಾತು. ಅವರು ದಿನಾ ಪೋಸ್ಟಮನ್ ದಾರಿ ನೋಡತಾರ. ಕಣ್ಣು ಸ್ವಲ್ಪ ಛಲೋ ಆಗೇತಿ, ಪೂರಾ ಇಲ್ಲ. ನನ್ನ ಮಾರಿ ನೋಡಿದ್ರ ಮೂಗಿನ ಜಾಗಾದಾಗ ಹೊಗಿ ಕಾಣತೈತಂತ. ಅಂದು ನಗತಾರ. ನನಗ ನಗಿ ಬರೂದಿಲ್ಲ.

ಒಂದು ಮಾತು ಎದಿಯೊಳಗ ಇಟ್ಟಕೊಂಡ ಸಾಯಾಕತ್ತೇನಿ. ಅವತ್ತ ಮಾಳಗಿ ಮ್ಯಾಲ ಕರದು "ಕರೇದು ಕಾಣತೈತೇನ" ಅಂದ್ರಲ್ಲ, ನನಗೇನೂ ಕಾಣಲಿಲ್ಲ. ಕಣ್ಣ ಇಟ್ಟ ಕೂಡ್ಲೆ ಬೆಳಕು ಕುಕ್ಕಿತು, ಗಪ್ಪನ ಮುಚ್ಚಿಕೊಂಡೆ. ಮುಚ್ಚಿಕೊಂಡ "ಹೌದರೀ, ಕಾಣತೈತಿ" ಅಂದೆ. ಲಗ್ನಾದಾಗಿನಿಂದ ಹಂಗ ಅನಕೋತ ಬಂದೇನಿ ತಂಗಿ. ಅವರು ಚಿಕ್ಕಿ ತೋರಸತಾರ, ಗುರು ತೋರಸತಾರ, ಶನಿ ತೋರಸತಾರ. ನನಗ ಒಂದೂ ತಿಳಿಯೂದಿಲ್ಲ. ಕಾಣೂದಿಲ್ಲ ಅಂದ್ರ ಅವರ ಮಾರಿ ಸಣ್ಣದಾಗತೈತಿ. ಅದಕ್ಕ ಹೌದರೀ ಅಂತೇನಿ.

ಅವತ್ತ ಖರೆ ಹೇಳಿದ್ರ, "ಇಲ್ಲರೀ, ಏನೂ ಇಲ್ಲ, ಕಣ್ಣ ಕುಕ್ಕತೈತಿ" ಅಂದಿದ್ರ, ಮರುದಿನ ಡಾಕ್ಟರ ಕಡೆ ಹೋಗತಿದ್ರು. ನಾನ ಅವರ ಕಣ್ಣ ತಗದೆ.

ಅದಕ್ಕ ಒಂದು ಕೆಲಸ ಮಾಡೇನಿ. ಗಾಳಿಗೆ ಫಿಲ್ಟರ ಜಾರಿ ಬಿದ್ದು ಹಿಂಗಾತು ಅಂದ್ರಲ್ಲ, ಇನ್ನ ಜಾರಬಾರದು. ನೀ ಕಳಿಸಿದ ತುಂಡು ಪೆಟಗ್ಯಾಗ ಇತ್ತು. ಹೊಸಾ ಉಂಗರಕ್ಕ ಹೊಲದೇನಿ. ಮದಲಿನದಕ್ಕಿಂತ ಬಿಗಿ, ಎರಡೂ ಕಡೆ ಟಾಕಿ ಹಾಕೇನಿ, ಬಡದ್ರ ಟಣ್ ಅಂತೈತಿ. ಐದನೇ ತಾರೀಖ ಶಿಕ್ಷಕರ ದಿನ ಅವರ ಕೈಯಾಗ ಕೊಡತೇನಿ. ಎಡಗಣ್ಣ ಛಲೋ ಐತೆಲ್ಲ, ಅದರಲೆ ನೋಡಲಿ. ಸೂರ್ಯಾನ ಬಿಟ್ಟು ಅವರಿಗೆ ಇನ್ನೇನೈತಿ? ಈ ಸಲ ನಾನೂ ಕಣ್ಣ ತೆರದು ನೋಡತೇನಿ.

ಹಾಲವ್ವ


ಬೀಳಗಿ
೩ ಸೆಪ್ಟೆಂಬರ್ ೨೦೨೫

ಗುರುಗಳಿಗೆ, ಹಾಲವ್ವನವರಿಗೆ, ಇಬ್ಬರಿಗೂ.

ಹಾಲವ್ವಾ, ಈಗಷ್ಟೇ ನಿಮಗೆ ಫೋನು ಮಾಡಿ "ಆ ಉಂಗುರವನ್ನು ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಿರಿ, ನನ್ನ ಕಾಗದ ಬರುವತನಕ ಯಾರಿಗೂ ಕೊಡಬೇಡಿ" ಎಂದು ಕಿರುಚಿದವಳು ನಾನೇ. "ಯಾಕಬೇ, ಏನಾತು?" ಎಂದಿರಿ. ಫೋನು ಇಟ್ಟುಬಿಟ್ಟೆ. ನಿಮ್ಮ ಪತ್ರದಲ್ಲಿ ಹೊಸ ಉಂಗುರ ಹೊಲಿದ ಸಾಲು ಓದಿದಾಗ ನಾನು ಪ್ರಯೋಗಶಾಲೆಯಲ್ಲಿದ್ದೆ. ಕೈಯಲ್ಲಿದ್ದ ಗಾಜಿನ ನಳಿಗೆ ಜಾರಿ ಚೂರಾಯಿತು. ಎಲ್ಲರೂ ತಿರುಗಿ ನೋಡಿದರು.

ನಮ್ಮ ಜೈನರಲ್ಲಿ ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಣಿಯ ದಿನ ಬಂಧುಗಳಿಗೆ ಕಾಗದ ಬರೆದು, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಕ್ಷಮೆ ಕೇಳುವ ರೂಢಿ ಇದೆ. ಅದಕ್ಕೆ ಇನ್ನೂ ಐದು ದಿನ ಇದೆ. ಶಿಕ್ಷಕರ ದಿನಕ್ಕೆ ಎರಡೇ ದಿನ. ಕಾಯಲಾರೆ.

ನೀವಿಬ್ಬರೂ ನನ್ನಿಂದ ಆಣೆ ತೆಗೆದುಕೊಂಡಿರಿ. ಎರಡನ್ನೂ ಮುರಿಯುತ್ತಿದ್ದೇನೆ. ಗುರುಗಳು ಏಪ್ರಿಲಿನಲ್ಲಿ ಬರೆದ ಕಾಗದ, ಹಾಲವ್ವನವರ ಮೊನ್ನೆಯ ಕಾಗದ, ಎರಡೂ ಈ ಪಾಕೀಟಿನಲ್ಲಿವೆ. ಗುರುಗಳು ಹಾಲವ್ವನವರದನ್ನು ಓದಲಿ, ಹಾಲವ್ವನವರು ಗುರುಗಳದನ್ನು. ಹೌದು ಹಾಲವ್ವಾ, ಮೊದಲಿನ ಉಂಗುರಕ್ಕೆ ನೀವು ಹಾಕಿದ ಹೊಲಿಗೆಯ ತೂತುಗಳಿಂದಲೇ ಬೆಳಕು ನುಗ್ಗಿತು. ಗಾಳಿಗೆ ಏನೂ ಜಾರಿರಲಿಲ್ಲ. ಇದನ್ನು ಮುಚ್ಚಿಟ್ಟದ್ದರಿಂದಲೇ ನೀವು ಎಡಗಣ್ಣಿಗೂ ಅದನ್ನೇ ಹೊಲಿದಿರಿ. ಉಂಗುರವನ್ನು ಬಲ್ಬಿಗೆ ಹಿಡಿದು ಇಬ್ಬರೂ ನೋಡಿರಿ, ನೋಡಿ ಕತ್ತರಿಯಿಂದ ಕತ್ತರಿಸಿರಿ.

ಈಗ ನನ್ನದು. ಇದನ್ನು ಯಾರೂ ಕೇಳಲಿಲ್ಲ, ಅದಕ್ಕೇ ನಾಲ್ಕು ತಿಂಗಳು ನಾನು ಬಚಾವಾದೆ. ಆ ಫಿಲ್ಮು ಇರಬೇಕಾದದ್ದೇ ಹಾಗೆ ಸುಕ್ಕಾಗಿ, ಸಡಿಲವಾಗಿ. ಎಳೆದರೆ, ಚುಚ್ಚಿದರೆ ಕೆಡುತ್ತದೆ. ಹಾಳೆಯ ಜೊತೆ ಬಂದ ಚೀಟಿಯಲ್ಲಿ ಅದು ಬರೆದಿತ್ತು, ನಾನು ಓದಿದ್ದೆ. ಆದರೂ ನೇಕಾರರ ಮನೆಗೆ ಕಳಿಸುವಾಗ ಚಂದ ಕಾಣಲೆಂದು "ಸಡಿಲವಾಗಿದೆ, ಕ್ಷಮಿಸಿ" ಎಂದು ಬರೆದೆ. ಮುಟ್ಟಬೇಡಿ ಎಂದು ಬರೆಯಲಿಲ್ಲ. ಮರ್ಯಾದೆಗೆ ಬರೆದ ಒಂದು ಸಾಲು, ಹಾಲವ್ವಾ, ಅದನ್ನು ಕೇಳಿಯೇ ನಿಮ್ಮ ಕೈ ಸೂಜಿ ಹಿಡಿಯಿತು. ಗುರುಗಳು ಆಣೆ ಕೇಳಿದಾಗ ನನಗೆ ದುಃಖಕ್ಕಿಂತ ಹೆಚ್ಚಾಗಿ ನಿರಾಳವಾಯಿತು. ನಿಮ್ಮ ತಪ್ಪು ಮುಚ್ಚಿದರೆ ನನ್ನದೂ ಅದರ ಕೆಳಗೆ ಮುಚ್ಚಿಹೋಗುತ್ತದೆ ಎಂದು. ಅದಕ್ಕೇ ಕಾಗದ ಬರೆಯುವುದನ್ನೂ ಬಿಟ್ಟೆ. ನನಗೆ ನನ್ನ ಮೇಲೆ ಹೇಸಿಗೆಯಾಗಿದೆ.

ಕ್ಷಮಿಸಿ ಎಂದು ಬರೆಯಲು ಈಗ ಪೆನ್ನು ಹೆದರುತ್ತದೆ. ನೀವು ನನ್ನನ್ನು ಬೈದರೂ ಸರಿ, ಮನೆ ಬಾಗಿಲು ಮುಚ್ಚಿದರೂ ಸರಿ.

ಈ ಕಾಗದವನ್ನು ಇಬ್ಬರೂ ಒಟ್ಟಿಗೆ ಕೂತು ಓದಿರಿ. ಗುರುಗಳಿಗೆ ನಡುನಡುವಿನ ಅಕ್ಷರ ಕಾಣದಿದ್ದರೆ ಹಾಲವ್ವನವರು ಓದಿ ಹೇಳಲಿ. ಆದರೆ ಹಾಲವ್ವಾ, ನಿಮ್ಮ ಕಾಲು ಹಿಡಿದು ಕೇಳುತ್ತೇನೆ, ಅವರ ಮುಖ ಸಣ್ಣದಾದರೆ ಆಗಲಿ, ಇದ್ದದ್ದನ್ನು ಇದ್ದಂತೆಯೇ ಓದಿರಿ.

ಹೀರಾ